ಎಫ್‌ಓಪನ್ ಸಾಕಾ, ಕ್ರಿಯೇಟ್‌ಫೈಲೇ ಬೇಕಾ?

ಸಿ ಭಾಷೆ ಕಲಿತು ವಿಂಡೋಸ್‌ಗೆ ಪ್ರೋಗ್ರಾಂ ಬರೆಯೋಕೆ ಕೂತ್ರೆ ಈ ಗೊಂದಲ ಬಂದೇ ಬರತ್ತೆ, ಒಂದೇ ಕೆಲಸಕ್ಕೆ ಎರಡೆರಡು ಫಂಕ್ಷನ್ನು. ಫೈಲ್ ತೆರೆಯೋಕೆ ಸಿ ಲೈಬ್ರರಿಯ ಎಫ್‌ಓಪನ್ ಇದೆ, ವಿಂಡೋಸ್‌ದೇ ಆದ ಕ್ರಿಯೇಟ್‌ಫೈಲೂ ಇದೆ. ನೇರವಾಗಿ ಎಪಿಐನ, ಅಂದ್ರೆ ವಿಂಡೋಸ್ ಕೊಡೋ ಫಂಕ್ಷನ್‌ಗಳನ್ನ, ಕರೆದ್ರೆ ಸ್ಪೀಡು ಅನ್ನೋದನ್ನ ಮೊದಲು ತಲೆಯಿಂದ ತೆಗೀರಿ. ವಿಂಡೋಸಲ್ಲಿ ಎಫ್‌ಓಪನ್ ಒಳಗಿಂದ ಕರೆಯೋದೂ ಕ್ರಿಯೇಟ್‌ಫೈಲನ್ನೇ, ಮೇಲಿಂದ ಬಫರ್ (ಒಂದಷ್ಟು ಡೇಟಾನ ಒಟ್ಟಿಗೆ ತಂದಿಟ್ಕೊಳ್ಳೋ ಜಾಗ) ಬೇರೆ ಇಟ್ಕೊಂಡಿರತ್ತೆ, ಹಾಗಾಗಿ ಒಂದೊಂದೇ ಬೈಟ್ ಓದೋ ಕೋಡಲ್ಲಿ ವಿಂಡೋಸ್‌ನ ಓದೋ ಫಂಕ್ಷನ್ ರೀಡ್‌ಫೈಲನ್ನ ನೇರ ಕರೆದೋರೇ ಹಿಂದೆ ಬೀಳ್ತಾರೆ.

ಮೊದಲು ಕೇಳ್ಕೋಬೇಕಾದ್ದು, ಈ ಕೋಡ್ ಮುಂದೆ ಲಿನಕ್ಸಿಗೋ ಮ್ಯಾಕಿಗೋ ಹೋಗತ್ತಾ? ಹೋಗೋ ಹಾಗಿದ್ರೆ ಲೆಕ್ಕ, ಸ್ಟ್ರಿಂಗು, ಮೆಮೊರಿ ಎಲ್ಲ 1989ರ ಸಿ ಸ್ಟ್ಯಾಂಡರ್ಡಿಂದಲೂ (ಸಿ ಭಾಷೆಯ ಅಧಿಕೃತ ನಿಯಮ) ಇರೋ ಫಂಕ್ಷನ್‌ಗಳಲ್ಲೇ ಇರ್ಲಿ.

ಆಮೇಲೆ ಸ್ಟ್ಯಾಂಡರ್ಡ್ ಎಲ್ಲಿ ಕೈ ಎತ್ತತ್ತೆ ನೋಡಿ. ವಿಂಡೋ, ಬಟನ್ನು, ಮೌಸು ಅದಕ್ಕೆ ಗೊತ್ತೇ ಇಲ್ಲ. ಅದರ ರಿಮೂವ್ ಕರೆದ್ರೆ ಫೈಲ್ ಅಳಿಸೇ ಹೋಗತ್ತೆ, ರೀಸೈಕಲ್ ಬಿನ್‌ಗೆ ಹಾಕ್ಬೇಕಂದ್ರೆ ವಿಂಡೋಸ್‌ನ ಶೆಲ್ ಎಪಿಐನೇ ಗತಿ. ನಾನು ಓದ್ತಿರುವಾಗ ಬೇರೆ ಪ್ರೋಗ್ರಾಂ ಬರೀಬಾರ್ದು ಅಂತ ತಡೆಯೋಕೂ ಕ್ರಿಯೇಟ್‌ಫೈಲ್ ಬಳಸಿ, ಅದರ ಏಳು ಪ್ಯಾರಾಮೀಟರಲ್ಲಿ ಮೂರನೇದು ಇರೋದೇ ಅದಕ್ಕೆ.

ನಮ್ಮೋರು ಜಾಸ್ತಿ ಸಿಕ್ಕಾಕೊಳ್ಳೋದು ಫೈಲ್ ಹೆಸರಲ್ಲಿ. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟು ಎಫ್‌ಓಪನ್‌ಗೆ ಕೊಟ್ರೆ ಸಾಮಾನ್ಯವಾಗಿ ತೆರೆಯಲ್ಲ, ಯಾಕಂದ್ರೆ ಅದು ಹೆಸರನ್ನ ಹಳೇ ಕೋಡ್‌ಪೇಜ್ (ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನೋ ಪಟ್ಟಿ) ಮೂಲಕ ಓದತ್ತೆ, ವಿಂಡೋಸಲ್ಲಿ ಕನ್ನಡಕ್ಕೆ ಅಂಥ ಕೋಡ್‌ಪೇಜೇ ಇಲ್ಲ. ಎಲ್ಲ ಭಾಷೆಯ ಅಕ್ಷರಗಳಿರೋ ಯೂನಿಕೋಡ್ ತಗೊಳ್ಳೋ ಕ್ರಿಯೇಟ್‌ಫೈಲ್‌ಡಬ್ಲ್ಯೂ ಬಳಸಿ, ಇಲ್ಲಾಂದ್ರೆ ವಿಂಡೋಸ್ 10ರ 1903 ವರ್ಷನ್‌ನಿಂದ ಮ್ಯಾನಿಫೆಸ್ಟಲ್ಲೇ (ಪ್ರೋಗ್ರಾಂ ಜೊತೆ ಹೋಗೋ ಸೆಟ್ಟಿಂಗ್ ಫೈಲು) ಯುಟಿಎಫ್-8 (ಯೂನಿಕೋಡಿನ ಒಂದು ರೂಪ) ಅಂತ ಹೇಳ್ಬಹುದು, ಆಗ ಎಫ್‌ಓಪನ್ನೇ ನಡೆಯತ್ತೆ.

ದೊಡ್ಡ ಫೈಲಲ್ಲೂ ಹುಷಾರು. 64 ಬಿಟ್ ವಿಂಡೋಸಲ್ಲೂ ಲಾಂಗ್ ಅನ್ನೋ ಪೂರ್ಣಾಂಕ 32 ಬಿಟ್ಟೇ, ಹಾಗಾಗಿ 2 ಜಿಬಿ ದಾಟಿದ್ರೆ ಫೈಲಲ್ಲಿ ಎಲ್ಲಿದೀವಿ ಅಂತ ಲಾಂಗಲ್ಲಿ ಹೇಳೋ ಎಫ್‌ಟೆಲ್ ಕೈ ಕೊಡತ್ತೆ.

ಎರಡನ್ನೂ ಬಳಸೋದು ತಪ್ಪಲ್ಲ, ಕಲಸಬೇಡಿ ಅಷ್ಟೇ. ಸಿಯ ಮ್ಯಾಲಕ್‌ನಿಂದ ತಗೊಂಡ ಮೆಮೊರಿನ ಫ್ರೀಗೇ ಕೊಡಿ, ವಿಂಡೋಸ್‌ನ ಹೀಪ್‌ಅಲಾಕ್‌ನಿಂದ ತಗೊಂಡಿದ್ದನ್ನ ಹೀಪ್‌ಫ್ರೀಗೇ ಕೊಡಿ. ಎಫ್‌ಓಪನ್ ಸೋತ್ರೆ ನಲ್ (ಖಾಲಿ ಪಾಯಿಂಟರ್) ಕೊಡತ್ತೆ, ಕ್ರಿಯೇಟ್‌ಫೈಲ್ ಸೋತ್ರೆ ಕೊಡೋದು ಇನ್‌ವ್ಯಾಲಿಡ್ ಹ್ಯಾಂಡಲ್ ವ್ಯಾಲ್ಯೂ, ಅಂದ್ರೆ ಮೈನಸ್ ಒಂದು. ನಲ್ ಅಂತ ಚೆಕ್ ಮಾಡಿ ಒಂದಿಡೀ ಸಂಜೆ ತಲೆ ಕೆರ್ಕೊಂಡಿದೀನಿ ನಾನು.

ಇನ್ನು ವಿಂಡೋಸ್ ಹೆಡರ್ (ಎಪಿಐ ಘೋಷಣೆಗಳಿರೋ ಫೈಲು) ಬೇಕಾಗೋ ಕೋಡನ್ನೆಲ್ಲ ಒಂದೇ ಸೋರ್ಸ್ ಫೈಲಿಗೆ ತಳ್ಳಿ, ಹೊರಗಡೆಗೆ ನಿಮ್ಮದೇ ಹೆಸರಿನ ನಾಕು ಫಂಕ್ಷನ್ ಮಾತ್ರ ಕಾಣ್ಲಿ, ಲಿನಕ್ಸಿಗೆ ಒಯ್ಯೋ ದಿನ ಆ ಒಂದು ಫೈಲ್ ಬರೆದ್ರೆ ಆಯ್ತು.