ಹಳೆಯ ಕಂಪ್ಯೂಟರಿನಲ್ಲೇ ಮನೆಯ ಡಿವಿಡಿಗಳ ಎಡಿಟಿಂಗ್: ನನ್ನ ಅನುಭವ

ಟೇಪಿನಿಂದ ಡಿವಿಡಿಗೆ ಇಳಿಸಿಟ್ಟ ಮನೆಯ ವಿಡಿಯೋಗಳನ್ನು ಎರಡು ಕೋರಿನ ಪ್ರೊಸೆಸರ್ ಮತ್ತು 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಎಡಿಟ್ ಮಾಡಲು ಆಗುವುದೇ ಇಲ್ಲ, ಮೊದಲು ಹೊಸ ಕಂಪ್ಯೂಟರ್ ಕೊಳ್ಳಬೇಕು ಎಂದು ಈ ಕೆಲಸ ಬಲ್ಲ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ದರು. ಈಗ ಸುಮಾರು ಮೂವತ್ತು ಡಿಸ್ಕ್‌ಗಳ ಕೆಲಸ ಅದೇ ಯಂತ್ರದಲ್ಲಿ ಮುಗಿದಿದೆ; ಅನುಮಾನಪಟ್ಟವರಲ್ಲಿ ಇಬ್ಬರು ತಮ್ಮ ಡಿಸ್ಕ್‌ಗಳನ್ನೂ ನನ್ನ ಬಳಿಯೇ ತಂದುಕೊಟ್ಟಿದ್ದಾರೆ. ನಾನು ಹಿಡಿದ ದಾರಿ ಇಷ್ಟೇ: ಡಿಸ್ಕ್‌ನಲ್ಲಿ ಎಂಪೆಗ್-2 (ಡಿವಿಡಿಗಳಲ್ಲಿ ಚಿತ್ರವನ್ನು ಅದುಮಿಡುವ ವಿಧಾನ) ಆಗಿ ಇರುವ ಚಿತ್ರವನ್ನು ಕೊನೆಯವರೆಗೂ ಎಂಪೆಗ್-2 ಆಗಿಯೇ ಉಳಿಸಿಕೊಳ್ಳುವುದು, ಅನಿವಾರ್ಯವಾದ ಕೆಲವು ಸೆಕೆಂಡುಗಳನ್ನು ಬಿಟ್ಟು ಬೇರೇನನ್ನೂ ಮರು ಎನ್‌ಕೋಡ್ ಮಾಡದಿರುವುದು, ಅಂದರೆ ಬಿಡಿಸಿ ಮತ್ತೆ ಅದುಮದಿರುವುದು.

ಇದಕ್ಕೆ ಬರುವ ಮೊದಲು ಎಲ್ಲರೂ ಹೇಳುವ ದಾರಿಗಳನ್ನು ಒಂದೊಂದಾಗಿ ನೋಡಿದ್ದೆ. ವಾಬ್ ಫೈಲುಗಳನ್ನು (ಡಿವಿಡಿಯಲ್ಲಿ ಚಿತ್ರ, ಧ್ವನಿ ಎರಡೂ ಇರುವ ಫೈಲುಗಳು) ನೇರವಾಗಿ ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನಿಗೆ ಎಳೆದರೆ, ಒಂದು ಫ್ರೇಮ್ ಹಿಂದೆ ಹೋಗಲೂ ಯಂತ್ರ ಹಿಂದಿನ ಐ-ಫ್ರೇಮಿನಿಂದ (ಬೇರೆ ಫ್ರೇಮುಗಳ ನೆರವಿಲ್ಲದೆ ತಾನೇ ಪೂರ್ತಿ ಇರುವ ಫ್ರೇಮು) ಎಲ್ಲವನ್ನೂ ಬಿಡಿಸಿಕೊಂಡು ಬರಬೇಕಾಗಿ, ಮೌಸ್ ಎಲ್ಲೋ ಚಿತ್ರ ಎಲ್ಲೋ ಆಗುತ್ತಿತ್ತು. ಪ್ರತಿ ಫ್ರೇಮನ್ನೂ ಬೇರೆಯಾಗಿ ಅದುಮುವ ಡಿವಿ ವಿಧಾನಕ್ಕೆ ಬದಲಾಯಿಸಿದಾಗ ಟೈಮ್‌ಲೈನ್ ಹಗುರವಾಯಿತು, ಆದರೆ ಗಂಟೆಗೆ ಸುಮಾರು 13 ಜಿಬಿಯಂತೆ ಹಾರ್ಡ್ ಡಿಸ್ಕ್ ತುಂಬಿಹೋಯಿತು. ಗುಣಮಟ್ಟ ನಷ್ಟವಾಗದಂತೆ ಅದುಮುವ ಹಫ್‌ವೈಯುವಿ ವಿಧಾನವಂತೂ ಅದರ ಎರಡರಷ್ಟಕ್ಕೂ ಹೆಚ್ಚು ಜಾಗ ಬೇಡಿತು. ಅದಕ್ಕಿಂತ ದೊಡ್ಡ ತೊಂದರೆ ಫೀಲ್ಡ್‌ಗಳದ್ದು, ಅಂದರೆ ಒಂದು ಫ್ರೇಮಿನ ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ಹಂಚಿ, ಒಂದರ ನಂತರ ಒಂದಾಗಿ ತೋರಿಸುವ ಎರಡು ಅರ್ಧ ಚಿತ್ರಗಳದ್ದು. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ, ನನ್ನ ಡಿಸ್ಕ್‌ಗಳಲ್ಲಿ ಮೇಲಿನದು ಮೊದಲು ಇತ್ತು. ಈ ಕ್ರಮ ಅದಲುಬದಲಾದಾಗ ಉಯ್ಯಾಲೆಯಲ್ಲಿ ಕುಳಿತ ಮಗು ಮುಂದಕ್ಕೆ ಬಂದು, ಕೂದಲೆಳೆಯಷ್ಟು ಹಿಂದಕ್ಕೆ ಸರಿದು, ಮತ್ತೆ ಮುಂದಕ್ಕೆ ಬಂದಂತೆ ಚಿತ್ರವೆಲ್ಲ ನಡುಗುತ್ತಿತ್ತು. ನಿಂತ ಫ್ರೇಮಿನಲ್ಲಿ ಇದು ಗೊತ್ತಾಗುವುದಿಲ್ಲ. ಟಿವಿಯಲ್ಲಿ ಓಡಿಸಿದಾಗ ಮಾತ್ರ ಕಣ್ಣಿಗೆ ಕುಕ್ಕುತ್ತದೆ. ಅಷ್ಟು ಹೊತ್ತಿಗೆ ಯಂತ್ರ ಒಂದು ಇಡೀ ರಾತ್ರಿ ರೆಂಡರ್ ಮಾಡಿ ಮುಗಿಸಿರುತ್ತಿತ್ತು.

ಹಣದ ಲೆಕ್ಕವನ್ನೂ ಹೇಳಬೇಕು. ದುಡ್ಡು ಕೊಟ್ಟು ತಂದ ಒಂದು ಎಡಿಟಿಂಗ್ ತಂತ್ರಾಂಶ ಎರಡು ತುಂಡುಗಳನ್ನು ಜೋಡಿಸಲು ಸಹ ಇಡೀ ಡಿಸ್ಕ್ ಅನ್ನು ಮರು ಎನ್‌ಕೋಡ್ ಮಾಡುತ್ತಿದ್ದುದರಿಂದ ಆ ಹಣ ನೀರಿಗೆ ಹಾಕಿದಂತಾಯಿತು. ನಿಜವಾಗಿ ಕೆಲಸಕ್ಕೆ ಬಂದ ಖರ್ಚು ಎರಡೇ: ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕ್ ಮತ್ತು ಬಳಸಿದ ಇನ್ನೊಂದು ಡಿವಿಡಿ ಡ್ರೈವ್. ಎರಡೂ ಸೇರಿ ಹೊಸ ಕಂಪ್ಯೂಟರಿನ ಬೆಲೆಯ ಹತ್ತನೇ ಒಂದು ಭಾಗವೂ ಆಗಲಿಲ್ಲ, ಉಳಿದ ತಂತ್ರಾಂಶಗಳೆಲ್ಲ ಉಚಿತವೇ.

ಎರಡನೆಯ ಡ್ರೈವ್ ಏಕೆಂದರೆ, ಬರೆದಿಟ್ಟ ಡಿಸ್ಕ್‌ಗಳು ಹೆಚ್ಚಾಗಿ ಹೊರ ಅಂಚಿನಲ್ಲಿ, ಅಂದರೆ ಚಿತ್ರದ ಕೊನೆಯ ಭಾಗದಲ್ಲಿ, ಮೊದಲು ಕೈಕೊಡುತ್ತವೆ. ಕೆಟ್ಟ ಡಿಸ್ಕ್‌ನಿಂದಲೂ ಇಡೀ ನಕಲನ್ನು (ಇಮೇಜ್) ತೆಗೆಯುವ ಡಿಡಿರೆಸ್ಕ್ಯೂ ತಂತ್ರಾಂಶ ಓದಲಾಗದ ಸೆಕ್ಟರುಗಳನ್ನು ಮ್ಯಾಪ್ ಫೈಲಿನಲ್ಲಿ ಗುರುತಿಟ್ಟುಕೊಳ್ಳುತ್ತದೆಯಷ್ಟೆ; ಅದೇ ಮ್ಯಾಪ್ ಫೈಲನ್ನು ಕೊಟ್ಟು ಅದೇ ಡಿಸ್ಕ್ ಅನ್ನು ಬೇರೆ ಡ್ರೈವಿನಲ್ಲಿ ಓದಿಸಿದರೆ, ಮೊದಲನೆಯದು ಬಿಟ್ಟ ತೂತುಗಳಲ್ಲಿ ಬಹುಪಾಲನ್ನು ಎರಡನೆಯದು ತುಂಬಿಬಿಡುತ್ತದೆ. ಒಂದು ಡಿಸ್ಕ್‌ನಲ್ಲಿ ಕೊನೆಯ ಐದಾರು ನಿಮಿಷ ಪೂರ್ತಿ ಹೋಯಿತೆಂದುಕೊಂಡಿದ್ದು ಹೀಗೆ ಮರಳಿ ಸಿಕ್ಕಿತು, ಎರಡು ಕಡೆ ಚಿಕ್ಕ ಚೌಕಳಿಗಳು ಮಾತ್ರ ಉಳಿದವು.

ಇಮೇಜ್ ಕೈಗೆ ಬಂದ ಮೇಲೆ ಒಂದು ಶೀರ್ಷಿಕೆಗೆ (ಡಿಸ್ಕ್‌ನಲ್ಲಿ ಒಂದಾಗಿ ಓಡುವ ಚಿತ್ರ) ಸೇರಿದ ಎಲ್ಲ ವಾಬ್‌ಗಳನ್ನೂ ಒಟ್ಟಿಗೆ ಪ್ರಾಜೆಕ್ಟ್‌ಎಕ್ಸ್ ಎಂಬ ತಂತ್ರಾಂಶಕ್ಕೆ ಕೊಡುತ್ತೇನೆ. ವಾಬ್ ಫೈಲು 1 ಜಿಬಿ ಮುಟ್ಟುವಲ್ಲಿ ತುಂಡಾಗುವುದಕ್ಕೂ ದೃಶ್ಯಕ್ಕೂ ಯಾವ ಸಂಬಂಧವೂ ಇಲ್ಲ; ಅವುಗಳನ್ನು ಬೇರೆ ಬೇರೆಯಾಗಿ ಬಿಡಿಸಿ ಆಮೇಲೆ ಅಂಟಿಸಿದರೆ ಪ್ರತಿ ಜೋಡಣೆಯಲ್ಲೂ ಧ್ವನಿ ಒಂದಿಷ್ಟು ಜಾರುತ್ತದೆ. ಟೇಪಿನಲ್ಲಿ ಖಾಲಿ ಜಾಗವಿದ್ದಲ್ಲಿ ಡಿವಿಡಿಗೆ ಇಳಿಸಿದ ರೆಕಾರ್ಡರ್ ಬಿಟ್ಟ ಸಮಯದ ಅಂತರವನ್ನೂ ಪ್ರಾಜೆಕ್ಟ್‌ಎಕ್ಸ್ ಧ್ವನಿಯಲ್ಲೇ ಸರಿಮಾಡಿ, ಚಿತ್ರ ಮತ್ತು ಧ್ವನಿಯನ್ನು ಎರಡು ಫೈಲುಗಳಾಗಿ ಬಿಡಿಸಿ ಕೊಡುತ್ತದೆ. ಧ್ವನಿ ಹೊಂದುವುದಿಲ್ಲವೆಂದು ಗೋಳಾಡುವವರ ಸಮಸ್ಯೆ ಬಹುತೇಕ ಇಲ್ಲೇ ಮುಗಿಯುತ್ತದೆ.

ಕತ್ತರಿಸುವ ಕೆಲಸಕ್ಕೆ ಕಟ್ಟರ್‌ಮಾರನ್ ತಂತ್ರಾಂಶ. ನನ್ನ ಡಿಸ್ಕ್‌ಗಳಲ್ಲಿ ಐ-ಫ್ರೇಮ್ ಸುಮಾರು ಹನ್ನೆರಡು ಫ್ರೇಮಿಗೊಮ್ಮೆ ಬರುತ್ತದೆ, ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಸೆಕೆಂಡಿಗೊಂದು. ಮನೆಯ ವಿಡಿಯೋದಲ್ಲಿ ಕ್ಯಾಮೆರಾ ನೆಲ ನೋಡುತ್ತಾ ಓಡುವ ನಿಮಿಷಗಳನ್ನು ತೆಗೆಯಲು ಅರ್ಧ ಸೆಕೆಂಡಿನ ನಿಖರತೆ ಧಾರಾಳ ಸಾಕು. ಮಾತು ಶುರುವಾಗುವ ಕ್ಷಣಕ್ಕೇ ಕತ್ತರಿಸಬೇಕಾದಾಗ ಆ ಕತ್ತರಿಯ ಅಕ್ಕಪಕ್ಕದ ಬೆರಳೆಣಿಕೆಯ ಫ್ರೇಮುಗಳನ್ನಷ್ಟೇ ಅದು ಮರು ಎನ್‌ಕೋಡ್ ಮಾಡುತ್ತದೆ. ಎರಡು ಗಂಟೆಯ ಡಿಸ್ಕ್ ಹೀಗೆ ಹೊರಬರಲು ಫೈಲ್ ನಕಲಾಗುವಷ್ಟೇ ಹೊತ್ತು ಸಾಕು, ಚಿತ್ರದ ಗುಣಮಟ್ಟ ಎಳ್ಳಷ್ಟೂ ಇಳಿಯುವುದಿಲ್ಲ. ಶೀರ್ಷಿಕೆ ಬರಹ ಅಥವಾ ಫೇಡ್ ಬೇಕಾದ ಐದಾರು ಸೆಕೆಂಡುಗಳನ್ನು ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಬೇರೆಯಾಗಿ ಸಿದ್ಧಪಡಿಸಿ ಸೇರಿಸುತ್ತೇನೆ. ಅಳತೆ, ಫೀಲ್ಡ್ ಕ್ರಮ, 4:3 ಅನುಪಾತ ಮೂಲದಂತೆಯೇ ಇರಬೇಕು. ಈ ಜೋಡಣೆ ಯಾವ ಪ್ಲೇಯರಿನಲ್ಲೂ ಮಿನುಗದಿರಲು ನಾನು ಸೇರಿಸುವ ಇನ್ನೂ ಒಂದೆರಡು ಆಯ್ಕೆಗಳಿವೆ. ಬಹಳ ಕಷ್ಟಪಟ್ಟು ಕಂಡುಕೊಂಡವಾದ್ದರಿಂದ ಸದ್ಯಕ್ಕೆ ಅವು ನನ್ನಲ್ಲೇ ಇರಲಿ.

ಚಿತ್ರ ಮತ್ತು ಧ್ವನಿ ಬೇರೆಯಾಗಿದ್ದ ಕಾರಣ ಧ್ವನಿಯ ಮೇಲೆ ಒಂದು ಪ್ರಯೋಗಕ್ಕೂ ಕೈಹಾಕಿದೆ. ಹಳೆಯ ಟೇಪುಗಳ ಹಿಂದೆ ಸದಾ ಇರುವ 50 ಹರ್ಟ್ಸ್‌ನ ಗುಂಯ್ ಸದ್ದು ಮತ್ತು ಅದರ 100, 150ರ ಮರಿಗಳನ್ನು ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದ ನಾಚ್ ಫಿಲ್ಟರಿನಿಂದ (ಒಂದೇ ಕಂಪನಾಂಕದ ಸದ್ದನ್ನು ಸೋಸುವ ಫಿಲ್ಟರ್) ತೆಗೆದೆ, ಆಮೇಲೆ ಮಾತಿಲ್ಲದ ಎರಡು ಸೆಕೆಂಡಿನ ಮಾದರಿ ಕೊಟ್ಟು ಟೇಪಿನ ಸುಯ್‌ಗುಟ್ಟುವಿಕೆಯನ್ನು ಹದವಾಗಿ ತಗ್ಗಿಸಿದೆ. ಸುಯ್ಲನ್ನು ಪೂರ್ತಿ ಅಳಿಸಹೊರಟರೆ ಮಾತು ನೀರಿನೊಳಗಿಂದ ಬಂದಂತೆ ಕೇಳಿಸುತ್ತದೆ. 6 ಡೆಸಿಬಲ್‌ನಷ್ಟು ತಗ್ಗಿಸಿ ಅಲ್ಲಿಗೇ ನಿಲ್ಲಿಸುವುದು ನನ್ನ ಅಭಿಪ್ರಾಯದಲ್ಲಿ ಸರಿಯಾದ ಹದ. ಒಂದು ಗಂಟೆಯ ಧ್ವನಿಗೆ ಈ ಯಂತ್ರ ಕೆಲವೇ ನಿಮಿಷ ತೆಗೆದುಕೊಂಡಿತು, ಮತ್ತು ನೋಡಿದವರೆಲ್ಲ ಚಿತ್ರವೇ ಸ್ಪಷ್ಟವಾಗಿದೆ ಎಂದು ಹೇಳಿದರು. ಚಿತ್ರದ ನಾಯ್ಸ್ ತೆಗೆಯುವ ಫಿಲ್ಟರುಗಳನ್ನೂ ಪರೀಕ್ಷಿಸಿದೆ, ಆದರೆ ಸೆಕೆಂಡಿಗೆ ಎರಡೋ ಮೂರೋ ಫ್ರೇಮಿನ ವೇಗದಲ್ಲಿ ಅದು ಈ ಯಂತ್ರದ ಕೆಲಸವಲ್ಲ, ಫಲಿತಾಂಶವೂ ಮುಖಗಳನ್ನು ಮೇಣದಂತೆ ಮಾಡುತ್ತದೆ.

ಮುಗಿದದ್ದನ್ನು ಡಿವಿಡಿಆಥರ್ ತಂತ್ರಾಂಶದಿಂದ ಅಧ್ಯಾಯಗಳೊಡನೆ ಜೋಡಿಸಿ, ಕಡಿಮೆ ವೇಗದಲ್ಲಿ, 4ಎಕ್ಸ್‌ನಲ್ಲಿ ಬರೆಯುತ್ತೇನೆ. ಮೊಬೈಲಿನಲ್ಲಿ ನೋಡುವವರಿಗೆ ಮಾತ್ರ ಫೀಲ್ಡ್‌ಗಳನ್ನು ಪೂರ್ತಿ ಫ್ರೇಮುಗಳಾಗಿಸುವ ಬ್ವಿಡಿಫ್ ಫಿಲ್ಟರಿನಿಂದ ಸೆಕೆಂಡಿಗೆ 50 ಫ್ರೇಮಿಗೆ ಬಿಡಿಸಿದ ಎಚ್.264 (ಮೊಬೈಲುಗಳು ಓಡಿಸುವ ಅದುಮುವಿಕೆಯ ವಿಧಾನ) ಪ್ರತಿಯನ್ನು, ಗುಣಮಟ್ಟ ನಿಗದಿಪಡಿಸುವ ಸಿಆರ್‌ಎಫ್ ಅಂಕಿ 20ರ ಆಸುಪಾಸಿನಲ್ಲಿ, ರಾತ್ರಿ ಓಡಲು ಬಿಡುತ್ತೇನೆ. ಆಗ ತಡವಾದರೂ ಯಾರಿಗೂ ತೊಂದರೆಯಿಲ್ಲ, ಏಕೆಂದರೆ ಎಡಿಟಿಂಗ್ ಆಗಲೇ ಮುಗಿದಿರುತ್ತದೆ. ರೆಕಾರ್ಡರಿನ ನಾಲ್ಕು ಗಂಟೆಯ ಮೋಡಿನಲ್ಲಿ ತುಂಬಿಸಿದ ನಾಲ್ಕೈದು ಡಿಸ್ಕ್‌ಗಳು ಇನ್ನೂ ಬಾಕಿ ಇವೆ. ಅವು 352x576 ಪಿಕ್ಸೆಲ್ ಅಳತೆಯಲ್ಲಿರುವುದರಿಂದ ಉಳಿದವುಗಳ ಜೊತೆ ನೇರವಾಗಿ ಸೇರುವುದಿಲ್ಲ. ಸದ್ಯ ಅವುಗಳನ್ನು ಬೇರೆ ಶೀರ್ಷಿಕೆಯಾಗಿ ಅದೇ ಡಿಸ್ಕ್‌ನಲ್ಲಿ ಇಟ್ಟು ನೋಡುತ್ತಿದ್ದೇನೆ.