ಕಾರು ನಿಮ್ಮ ಬಗ್ಗೆ ಏನನ್ನು ಬರೆದಿಟ್ಟುಕೊಳ್ಳುತ್ತದೆ? ತಿಳಿಯುವ, ತಡೆಯುವ, ಅಳಿಸುವ ಬಗೆ

ಹೊಸ ಕಾರಿನ ಕೀಲಿ ಕೈಗೆ ಬರುವ ದಿನ ಪೂಜೆ, ನಿಂಬೆಹಣ್ಣು, ಫೋಟೊಗಳ ಗಡಿಬಿಡಿಯ ನಡುವೆ ಷೋರೂಮಿನ ಸಿಬ್ಬಂದಿ ಫೋನನ್ನು ಕೇಳಿ ಪಡೆದು, ಕಂಪನಿಯ ಆ್ಯಪ್ ಇಳಿಸಿ, ನಾಲ್ಕಾರು ಕಡೆ 'ಒಪ್ಪಿಗೆ' ಒತ್ತಿ ಹಿಂದಿರುಗಿಸುವುದು ಈಗ ವಾಡಿಕೆಯಾಗಿದೆ. ಕಾರು ನಮ್ಮ ಬಗ್ಗೆ ಏನನ್ನು ದಾಖಲಿಸಬಹುದು, ಅದನ್ನು ಯಾರಿಗೆ ಕೊಡಬಹುದು ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಆ ಎರಡು ನಿಮಿಷಗಳಲ್ಲೇ. ಆದರೂ ಕಾರಿನ ದತ್ತಾಂಶದ ಮಾತು ಬಂದೊಡನೆ ಎಲ್ಲರ ಅನುಮಾನ ಹೋಗುವುದು 'ಬ್ಲ್ಯಾಕ್ ಬಾಕ್ಸ್' ಕಡೆಗೆ. ಹೆಚ್ಚು ಚಿಂತಿಸಬೇಕಾದದ್ದು ಅದರ ಬಗ್ಗೆ ಅಲ್ಲ.

ಆದ್ದರಿಂದ ಮೊದಲ ಹೆಜ್ಜೆ, ಕಾರಿನಲ್ಲಿರುವ ದಾಖಲೆ ಸಾಧನಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು. ಬ್ಲ್ಯಾಕ್ ಬಾಕ್ಸ್ ಎಂದು ಕರೆಯಲಾಗುವ 'ಇವೆಂಟ್ ಡೇಟಾ ರೆಕಾರ್ಡರ್' ಅಥವಾ ಇಡಿಆರ್ ಸಾಮಾನ್ಯವಾಗಿ ಪ್ರತ್ಯೇಕ ಪೆಟ್ಟಿಗೆಯಾಗಿರದೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕೇ ಬೇಡವೇ ಎಂದು ನಿರ್ಧರಿಸುವ ನಿಯಂತ್ರಣ ಘಟಕದೊಳಗೇ ಇರುತ್ತದೆ. ಸಾಮಾನ್ಯ ಓಡಾಟದಲ್ಲಿ ಅದು ಕೆಲವೇ ಸೆಕೆಂಡುಗಳ ಮಾಹಿತಿಯನ್ನು ಹಿಡಿದುಕೊಂಡು, ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಅಮೆರಿಕದ ಸಾರಿಗೆ ಸುರಕ್ಷತಾ ನಿಯಮದ ಪ್ರಕಾರ, 150 ಮಿಲಿಸೆಕೆಂಡುಗಳೊಳಗೆ ಕಾರಿನ ವೇಗ ಗಂಟೆಗೆ 8 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬದಲಾದರೆ, ಇಲ್ಲವೇ ಏರ್‌ಬ್ಯಾಗ್ ಬಿಚ್ಚಿಕೊಂಡರೆ, ಆ ಹೊತ್ತಿನ ಮಾಹಿತಿ ಉಳಿಯುತ್ತದೆ: ಡಿಕ್ಕಿಗೆ ಹಿಂದಿನ 5 ಸೆಕೆಂಡುಗಳ ವೇಗ, ಬ್ರೇಕ್ ಒತ್ತಿದ್ದರೇ, ಆಕ್ಸಿಲರೇಟರ್ ಎಷ್ಟು ತುಳಿದಿದ್ದರು, ಚಾಲಕರು ಸೀಟ್ ಬೆಲ್ಟ್ ಹಾಕಿದ್ದರೇ ಎಂಬಂಥವು. ಈ 5 ಸೆಕೆಂಡುಗಳನ್ನು 20ಕ್ಕೆ ಏರಿಸುವ ತಿದ್ದುಪಡಿಯನ್ನು ಅಲ್ಲಿನ ಸುರಕ್ಷತಾ ಸಂಸ್ಥೆ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಇಡಿಆರ್ ಕಡ್ಡಾಯವಾಗಿದೆ. ಅಮೆರಿಕದ ಕಡ್ಡಾಯ ಪಟ್ಟಿಯಲ್ಲಿ ಧ್ವನಿಯಾಗಲಿ, ನೀವು ಹೋದ ಊರಿನ ವಿವರವಾಗಲಿ ಇಲ್ಲ.

ಎರಡನೆಯದು ಟೆಲಿಮ್ಯಾಟಿಕ್ಸ್ ಘಟಕ, ಅಂದರೆ ಕಾರಿನೊಳಗೇ ಸಿಮ್ ಇಟ್ಟುಕೊಂಡು ಕಂಪನಿಯ ಸರ್ವರ್‌ನೊಡನೆ ಸಂಪರ್ಕದಲ್ಲಿರುವ ಸಾಧನ. ಮೂರನೆಯದು ಡ್ಯಾಶ್‌ಬೋರ್ಡಿನ ಪರದೆ. ನಿಮ್ಮ ಫೋನಿನಲ್ಲಿರುವ ಕಂಪನಿಯ ಆ್ಯಪ್ ನಾಲ್ಕನೆಯದು. ಗೋಪ್ಯತೆಯ ನಿಜವಾದ ಪ್ರಶ್ನೆ ಇರುವುದು ಈ ಮೂರರಲ್ಲಿ.

ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ ಅಮೆರಿಕದ ಜನರಲ್ ಮೋಟರ್ಸ್ ಪ್ರಕರಣ. ಅಲ್ಲಿ ಷೆವರ್ಲೆ ಬೋಲ್ಟ್ ಓಡಿಸುತ್ತಿದ್ದ ವ್ಯಕ್ತಿಯೊಬ್ಬರ ವಿಮಾ ಕಂತು 2022ರಲ್ಲಿ ಶೇ 21ರಷ್ಟು ಏರಿತು. ಕಾರಣ ಹುಡುಕುತ್ತಾ ಅವರು ಲೆಕ್ಸಿಸ್‌ನೆಕ್ಸಿಸ್ ಎಂಬ ದತ್ತಾಂಶ ಸಂಸ್ಥೆಯಿಂದ ತಮ್ಮ ವರದಿಯನ್ನು ತರಿಸಿಕೊಂಡರೆ, ಬಂದದ್ದು 258 ಪುಟಗಳ ಕಡತ. ಆರು ತಿಂಗಳಲ್ಲಿ ಅವರೂ ಪತ್ನಿಯೂ ಮಾಡಿದ 640 ಪ್ರಯಾಣಗಳು, ಪ್ರತಿಯೊಂದರ ಆರಂಭ ಮತ್ತು ಅಂತ್ಯದ ಸಮಯ, ದೂರ, ಎಷ್ಟು ಸಲ ಜೋರಾಗಿ ಬ್ರೇಕ್ ಒತ್ತಿದರು, ಎಷ್ಟು ಸಲ ವೇಗ ಮೀರಿದರು ಎಂಬುದು ಅದರಲ್ಲಿತ್ತು. ಅದನ್ನು ಆ ಸಂಸ್ಥೆಗೆ ಕೊಟ್ಟದ್ದು ಕಾರು ತಯಾರಿಸಿದ ಜನರಲ್ ಮೋಟರ್ಸ್. 2024ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಹೊರಗೆಳೆದ ಮೇಲೆ ಕಂಪನಿ ಆ ಹಂಚಿಕೆಯನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಅಲ್ಲಿನ ಗ್ರಾಹಕ ಹಿತರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಕೆಲವು ವಾಹನಗಳ ಸ್ಥಳವನ್ನು ಮೂರು ಸೆಕೆಂಡಿಗೊಮ್ಮೆ ಸಂಗ್ರಹಿಸಲಾಗುತ್ತಿತ್ತೆಂದು ಆರೋಪಿಸಿ, ಇಂಥ ಮಾಹಿತಿಯನ್ನು ಲೆಕ್ಸಿಸ್‌ನೆಕ್ಸಿಸ್‌ನಂಥ ಗ್ರಾಹಕ ವರದಿ ಸಂಸ್ಥೆಗಳಿಗೆ ಕೊಡದಂತೆ ಐದು ವರ್ಷಗಳ ನಿರ್ಬಂಧವನ್ನು ಪ್ರಸ್ತಾಪಿಸಿತು. ಗಮನಿಸಿ, ಈ ಇಡೀ ಪ್ರಕರಣದಲ್ಲಿ ಬ್ಲ್ಯಾಕ್ ಬಾಕ್ಸ್‌ನ ಪಾತ್ರವೇ ಇರಲಿಲ್ಲ. ಇಡಿಆರ್‌ನಲ್ಲಿರುವ ಮಾಹಿತಿ ಕಾರಿನ ಮಾಲೀಕರದ್ದೇ ಎಂದು ಹೇಳುವ ಕಾನೂನು ಅಮೆರಿಕದಲ್ಲಿ 2015ರಿಂದಲೇ ಇದೆ. ಆದರೆ ಅದು ಟೆಲಿಮ್ಯಾಟಿಕ್ಸ್‌ಗೆ ಅನ್ವಯಿಸುವುದಿಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ.

ಈಗ ಕೈಗೆ ಕೆಲಸ ಕೊಡೋಣ. ಆ್ಯಪ್ ತೆರೆದು ಗೋಪ್ಯತೆ ಅಥವಾ ದತ್ತಾಂಶ ಹಂಚಿಕೆಯ ವಿಭಾಗಕ್ಕೆ ಹೋಗಿ. ಚಾಲನಾ ಶೈಲಿಗೆ ಅಂಕ ಕೊಡುವ ಸೌಲಭ್ಯ, ಪ್ರಯಾಣದ ಇತಿಹಾಸ, ಪಾಲುದಾರ ಸಂಸ್ಥೆಗಳ ಕೊಡುಗೆಗಳು ಎಂಬ ಹೆಸರಿನ ಆಯ್ಕೆಗಳು ಕಂಡರೆ, ನಿಮಗೆ ಅವುಗಳಿಂದ ನಿಜವಾದ ಉಪಯೋಗವಿಲ್ಲದಿದ್ದಲ್ಲಿ ಒಂದೊಂದಾಗಿ ಆಫ್ ಮಾಡಿಬಿಡಿ. ಇಡೀ ಸಂಪರ್ಕ ಸೇವೆಯನ್ನೇ ರದ್ದು ಮಾಡುವ ಮುನ್ನ ಮಾತ್ರ ಯೋಚಿಸಬೇಕು, ಏಕೆಂದರೆ ಅಪಘಾತವಾದಾಗ ತಾನಾಗಿಯೇ ಕರೆ ಮಾಡುವ ತುರ್ತು ಸೇವೆ, ಕಳವಾದ ಕಾರಿನ ಪತ್ತೆ ಎರಡೂ ಸಾಮಾನ್ಯವಾಗಿ ಅದೇ ಸಿಮ್‌ನ ಆಸರೆಯಲ್ಲಿರುತ್ತವೆ. ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲಿ ಒಬ್ಬರೇ ಓಡಾಡುವವರಿಗೆ ತುರ್ತು ಕರೆಯನ್ನು ಬಿಟ್ಟುಕೊಡಿ ಎಂದು ನಾನಂತೂ ಹೇಳಲಾರೆ.

ಬಳಿಕ ಪರದೆಯ ಕಡೆ ಬನ್ನಿ. ಬ್ಲೂಟೂತ್ ಜೋಡಿಸುವಾಗ 'ಸಂಪರ್ಕ ಪಟ್ಟಿ ಮತ್ತು ಕರೆಗಳ ವಿವರಕ್ಕೆ ಅನುಮತಿ ಕೊಡುವಿರಾ' ಎಂಬ ಪ್ರಶ್ನೆ ಬರುತ್ತದೆ. ಹಾಡು ಕೇಳುವುದಕ್ಕಾಗಲಿ ಬಂದ ಕರೆ ಸ್ವೀಕರಿಸುವುದಕ್ಕಾಗಲಿ ಆ ಅನುಮತಿ ಬೇಕಿಲ್ಲ. ಬಾಡಿಗೆಗೆ ಪಡೆದ ಕಾರಿನಲ್ಲಿ ಜೋಡಿಸಲೇಬಾರದು, ಚಾರ್ಜಿಂಗ್‌ಗೆ ಬೇರೆ ಅಡಾಪ್ಟರ್ ಬಳಸಿದರೆ ಸಾಕು.

ವಿಮೆಯ ವಿಷಯ ಇನ್ನೂ ಸೂಕ್ಷ್ಮ. ಓಡಿಸಿದ ದೂರಕ್ಕೆ ಅಥವಾ ಓಡಿಸುವ ರೀತಿಗೆ ತಕ್ಕಂತೆ ಕಂತು ನಿಗದಿ ಮಾಡುವ ಪಾಲಿಸಿಗಳಿಗೆ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲಿ ಅವಕಾಶ ಕೊಟ್ಟಿದೆ. ಕಡಿಮೆ ಓಡಿಸುವವರಿಗೆ ಇದು ಲಾಭವೇ. ಆದರೆ ದೂರಕ್ಕೆ ಓಡೋಮೀಟರಿನ ಫೋಟೊ ಸಾಕಾಗುವಾಗ ಸ್ಥಳದ ಅನುಮತಿಯನ್ನೂ ಕೇಳುತ್ತಿದ್ದರೆ, ಏಕೆ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು ಏಜೆಂಟರನ್ನು ಕೇಳಿ ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ.

ಅಪಘಾತವಾದಾಗ ಮಾತ್ರ ಇಡಿಆರ್ ಮುಖ್ಯವಾಗುತ್ತದೆ, ಮತ್ತು ಆಗ ಅದು ನಿಮ್ಮ ಪರವಾದ ಸಾಕ್ಷಿಯೂ ಆಗಬಹುದು. ಅಮೆರಿಕದಲ್ಲಿರುವ ಕನ್ನಡಿಗರು ಒಂದಂಶವನ್ನು ತಿಳಿದಿರಬೇಕು: ನ್ಯಾಯಾಲಯದ ಆದೇಶ, ತುರ್ತು ಚಿಕಿತ್ಸೆಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಆ ಮಾಹಿತಿ ತೆಗೆಯಲು ಮಾಲೀಕರ ಒಪ್ಪಿಗೆ ಬೇಕು. ಕಾರು ಪೂರ್ಣ ನಷ್ಟವೆಂದು ಘೋಷಣೆಯಾಗಿ ಮಾಲೀಕತ್ವ ವಿಮಾ ಕಂಪನಿಗೆ ವರ್ಗವಾದರೆ ಒಪ್ಪಿಗೆ ಕೊಡುವ ಅಧಿಕಾರವೂ ಅದರೊಂದಿಗೆ ಹೋಗುತ್ತದೆ. ಹೊಣೆ ಯಾರದ್ದೆಂಬ ತಕರಾರಿದ್ದಲ್ಲಿ, ಸಹಿ ಹಾಕುವ ಮುನ್ನವೇ ದತ್ತಾಂಶದ ಪ್ರತಿಯನ್ನು ತೆಗೆಸಿಕೊಳ್ಳಬೇಕು.

ಮಾರುವಾಗ ನಡೆಯುವ ಅಜಾಗ್ರತೆಯೇ ಎಲ್ಲಕ್ಕಿಂತ ಹೆಚ್ಚು. ಹಳೆಯ ಕಾರುಗಳ ಪರದೆಯಲ್ಲಿ ಜೋಡಣೆಯ ಪಟ್ಟಿ ತೆರೆದರೆ ಹಿಂದಿನ ಮಾಲೀಕರ ಫೋನಿನ ಹೆಸರು, ನಕ್ಷೆಯಲ್ಲಿ 'ಮನೆ' ಎಂದು ಗುರುತಿಸಿದ ಚುಕ್ಕಿ, ಅದರ ಕೆಳಗೆ ಮಕ್ಕಳ ಶಾಲೆ, ಬ್ಯಾಂಕು, ಪದೇ ಪದೇ ಹೋದ ಆಸ್ಪತ್ರೆ ಸಾಲಾಗಿ ಕುಳಿತಿರುವುದನ್ನು ಕಾಣಬಹುದು. ಮೊದಲು ಜೋಡಿಸಿದ ಫೋನುಗಳನ್ನು ಅಳಿಸಿ, ನಂತರ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಕೊನೆಗೆ ಆ್ಯಪ್‌ನ ಖಾತೆಯಿಂದಲೇ ಆ ವಾಹನವನ್ನು ತೆಗೆದುಹಾಕಿ. ಫೋನಿನಿಂದ ಆ್ಯಪ್ ಅಳಿಸಿದರೆ ಖಾತೆಯ ಕೊಂಡಿ ಕಳಚುವುದಿಲ್ಲ. ಹಾಗೇ ಬಿಟ್ಟರೆ ಮಾರಿದ ಕಾರು ಎಲ್ಲಿದೆಯೆಂದು ನೀವು ನೋಡುತ್ತಲೇ ಇರಬಹುದು, ಕೊಂಡವರಿಗೆ ಅದರ ಸುಳಿವೂ ಇರುವುದಿಲ್ಲ. ಹಳೆಯ ಕಾರು ಕೊಳ್ಳುವವರೂ ಇದೇ ಕಾರಣಕ್ಕೆ ಮಾಲೀಕತ್ವದ ಬದಲಾವಣೆಯನ್ನು ಕಂಪನಿಯ ಗ್ರಾಹಕ ಸೇವೆಗೆ ತಿಳಿಸಬೇಕು. ಅಂದ ಹಾಗೆ, ರೀಸೆಟ್‌ನಿಂದ ಇಡಿಆರ್ ಅಳಿಯುವುದಿಲ್ಲ, ಅಳಿಸುವ ಪ್ರಯತ್ನವೂ ಬೇಡ.

ಕಂಪನಿಯ ಬಳಿ ಈಗಾಗಲೇ ಸೇರಿರುವ ಮಾಹಿತಿಯನ್ನು ಕೇಳಿ ಪಡೆಯುವುದು ಉಳಿದ ಕೆಲಸ. ಅಮೆರಿಕದಲ್ಲಿ ಲೆಕ್ಸಿಸ್‌ನೆಕ್ಸಿಸ್‌ನಂಥ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ವರದಿ ತರಿಸಿಕೊಂಡು ತಪ್ಪಿದ್ದರೆ ಆಕ್ಷೇಪಿಸಬಹುದು. ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟಿನಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆಯನ್ನು ಹಿಂಪಡೆಯುವ, ಮಾಹಿತಿಯ ಸಾರಾಂಶ ಕೇಳುವ, ತಿದ್ದಿಸುವ ಮತ್ತು ಅಳಿಸುವ ಹಕ್ಕುಗಳನ್ನು ಕೊಡುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಈ ಹಕ್ಕುಗಳೂ ಸೇರಿದಂತೆ ಮುಖ್ಯ ಅಂಶಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳ ನಂತರ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ: ಕಂಪನಿಯ ಗೋಪ್ಯತಾ ನೀತಿಯ ಕೊನೆಯಲ್ಲಿ ಕುಂದುಕೊರತೆ ಅಧಿಕಾರಿಯ ವಿಳಾಸವಿದ್ದರೆ, ವಾಹನದ ನೋಂದಣಿ ಸಂಖ್ಯೆ ಮತ್ತು ಖಾತೆಯ ಮೊಬೈಲ್ ಸಂಖ್ಯೆ ನಮೂದಿಸಿ, ಯಾವ ಯಾವ ಮಾಹಿತಿ ಇದೆ, ಯಾರಿಗೆ ಕೊಡಲಾಗಿದೆ ಎಂದು ಈಗಲೇ ಬರೆದು ಕೇಳಿ. ಆಧಾರ್ ಪ್ರತಿಯನ್ನು ಮಾತ್ರ ಅವರು ಕೇಳುವ ಮುನ್ನವೇ ಲಗತ್ತಿಸಬೇಡಿ.