ರೇಸ್ ಟ್ರ್ಯಾಕ್‌ನಲ್ಲಿ ಕಾರಿನ ಬ್ರೇಕ್ ನಡುಗಿದರೆ ಮೊದಲು ಡಿಸ್ಕ್ ನೋಡಿ, ಆಮೇಲೆ ದುಡ್ಡು ಖರ್ಚು ಮಾಡಿ
ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ 'ಡಿಸ್ಕ್ ಬೆಂಡ್ ಆಗಿದೆ' ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚಿನ ಸಲ ಚಕ್ರದ ಜೊತೆ ತಿರುಗುವ ಆ ಲೋಹದ ತಟ್ಟೆ ಬೆಂಡ್ ಆಗಿರುವುದೇ ಇಲ್ಲ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಮಿತಿಮೀರಿ ಕಾದು, ಅದರ ಪದಾರ್ಥ ಡಿಸ್ಕ್ ಮೇಲೆ ಅಲ್ಲಲ್ಲಿ ಮೆತ್ತಿಕೊಂಡಿರುತ್ತದೆ, ಅಷ್ಟೇ. ಚಕ್ರ ಬಿಚ್ಚಿ ನೋಡಿ. ಪ್ಯಾಡ್ ಆಕಾರದ ಕಪ್ಪು ಕಲೆ ಕಂಡರೆ ಅದೇ ಕಾರಣ. ಹೊಸ ಡಿಸ್ಕ್ ಹಾಕಿಸುವುದಾದರೆ ಹಬ್ (ಡಿಸ್ಕ್ ಕೂರುವ ಭಾಗ) ಮೇಲಿನ ತುಕ್ಕು ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಅದೂ ಓರೆಯಾಗಿ ಕೂತು ನಡುಗುತ್ತದೆ.

ರಸ್ತೆ ಪ್ಯಾಡ್ ಟ್ರ್ಯಾಕ್ ಬಿಸಿ ತಡೆಯುವುದಿಲ್ಲ. ಟ್ರ್ಯಾಕ್ ಪ್ಯಾಡ್ ಬೇಕೇ ಬೇಕು. ಆದರೆ ಅಪ್ಪಟ ರೇಸ್ ಪ್ಯಾಡ್ ಹಾಕಿಕೊಂಡು ದಿನಾ ಆಫೀಸಿಗೆ ಹೋಗಬೇಡಿ. ತಣ್ಣಗಿದ್ದಾಗ ಹಿಡಿತ ಕಡಿಮೆ, ಕಿರುಚಾಟ ಜಾಸ್ತಿ.

ಹೊಸ ಪ್ಯಾಡನ್ನು ಕಂಪನಿ ಹೇಳಿದ ಕ್ರಮದಲ್ಲೇ ಪಳಗಿಸಿ. ಸಾಮಾನ್ಯವಾಗಿ ವೇಗದಿಂದ ಜೋರಾಗಿ ಬ್ರೇಕ್ ಹಿಡಿಯುವುದು, ಪೂರ್ತಿ ನಿಲ್ಲಿಸದೆ ಬಿಡುವುದು, ಹೀಗೇ ಹಲವು ಸಲ. ಕೊನೆಗೆ ನಿಧಾನಕ್ಕೆ ಓಡಿಸಿ ಬ್ರೇಕ್ ತಣ್ಣಗಾಗಿಸಬೇಕು. ಇದಕ್ಕೆ ಖಾಲಿ ಟ್ರ್ಯಾಕೇ ಸರಿ.

ಕೊನೆಯ ಲ್ಯಾಪ್‌ನಲ್ಲಿ ಬ್ರೇಕ್ ಆದಷ್ಟು ಮುಟ್ಟಬೇಡಿ. ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ) ಬಂದು ಪೆಡಲ್ ಒತ್ತಿಕೊಂಡೇ ಕೂರುವವರು ತುಂಬಾ ಜನ, ಕಲೆ ಬೀಳುವುದೇ ಅಲ್ಲಿ! ಹ್ಯಾಂಡ್‌ಬ್ರೇಕ್ ಕೂಡ ಬೇಡ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ.